ಅಧಿಕಾರ ಏಕೆ ಒಂದೇ ಕೈಯಲ್ಲಿರಬಾರದು? ಓದುಗರ ಪ್ರಶ್ನೆಗಳಿಗೆ ಉತ್ತರ

ಶಾಸಕಾಂಗ, ಕಾರ್ಯಾಂಗ ಮತ್ತು ನ್ಯಾಯಾಂಗಗಳ ಅಧಿಕಾರ ಪ್ರತ್ಯೇಕವಾಗಿರಬೇಕು ಎಂದು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದ ಒಂದು ವಾಕ್ಯವನ್ನು ಹಿಡಿದು ಹಲವು ಓದುಗರು ಪ್ರಶ್ನೆ ಕಳಿಸಿದ್ದಾರೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಕಾನೂನು ಪದವಿಯ ಮೊದಲ ವರ್ಷದ ವಿದ್ಯಾರ್ಥಿನಿ. ಮೂರೂ ಅಂಗಗಳು ಒಂದರಿಂದ ಒಂದು ಸಂಪೂರ್ಣ ಪ್ರತ್ಯೇಕ ಎಂದು ಓದಿದ್ದೇನೆ. ಆದರೆ ಅಮೆರಿಕದಲ್ಲಿ ಅಧ್ಯಕ್ಷರು ಮಸೂದೆಯನ್ನು ವಿಟೊ ಮಾಡುತ್ತಾರೆ, ನ್ಯಾಯಾಧೀಶರ ನೇಮಕಕ್ಕೆ ಸೆನೆಟ್ ಒಪ್ಪಬೇಕು. ಇದು ಪ್ರತ್ಯೇಕತೆ ಹೇಗಾಗುತ್ತದೆ?

ಉತ್ತರ: ‘ಸಂಪೂರ್ಣ’ ಎಂಬ ಪದವನ್ನು ಬಿಟ್ಟುಬಿಡಿ, ಗೊಂದಲದ ಬಹುಭಾಗ ತಾನಾಗಿಯೇ ಕರಗುತ್ತದೆ. ಮೂರು ಕೋಣೆ ಕಟ್ಟಿ ನಡುವೆ ಬಾಗಿಲೇ ಇಲ್ಲದಂತೆ ಗೋಡೆ ಎಬ್ಬಿಸಿದ ಸಂವಿಧಾನ ಯಾವುದೂ ಹೆಚ್ಚು ದಿನ ನಡೆದಿಲ್ಲ, ನಡೆಯುವಂತೆಯೂ ಇಲ್ಲ.

ಈ ತತ್ತ್ವಕ್ಕೆ ಹೆಸರಾದ ಫ್ರಾನ್ಸಿನ ಮಾಂಟೆಸ್ಕ್ಯೂ ಸ್ವತಃ ಬೋರ್ಡೊ ನಗರದ ಉನ್ನತ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು. ಆಮೇಲೆ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಆಡಳಿತವನ್ನು ಕಣ್ಣಾರೆ ಕಂಡು ಬಂದರು. 1748ರಲ್ಲಿ ಪ್ರಕಟವಾದ ಅವರ ಗ್ರಂಥದ ವಾದದ ತಿರುಳು ಇಷ್ಟು: ಕಾನೂನು ಮಾಡುವವನೇ ಅದನ್ನು ಜಾರಿ ಮಾಡುವವನೂ ಆದರೆ, ದಬ್ಬಾಳಿಕೆಯ ಕಾನೂನು ಮಾಡಿ ಅದನ್ನು ದಬ್ಬಾಳಿಕೆಯಿಂದಲೇ ಜಾರಿ ಮಾಡಬಹುದು; ತೀರ್ಪು ಕೊಡುವವನ ಕೈಗೆ ದಂಡಶಕ್ತಿಯೂ ಸೇರಿದರೆ ನ್ಯಾಯಾಧೀಶನೇ ಪೀಡಕನಾಗಬಹುದು. ಅಮೆರಿಕದ ಸಂವಿಧಾನ 1787ರಲ್ಲಿ ಸಿದ್ಧವಾದಾಗ ವಿರೋಧಿಗಳು ನೀವು ಕೇಳಿದ ಪ್ರಶ್ನೆಯನ್ನೇ ಕೇಳಿದ್ದರು. ಅದಕ್ಕೆ, ಆ ಸಂವಿಧಾನವನ್ನು ರೂಪಿಸಿದವರಲ್ಲೊಬ್ಬರಾದ ಜೇಮ್ಸ್ ಮ್ಯಾಡಿಸನ್ 1788ರಲ್ಲಿ ಉತ್ತರ ಬರೆದರು. ಒಂದು ಅಂಗಕ್ಕೆ ಇನ್ನೊಂದರ ಕೆಲಸದಲ್ಲಿ ಪಾಲು ಇರಲೇಬಾರದು ಎಂದು ಮಾಂಟೆಸ್ಕ್ಯೂ ಹೇಳಿಲ್ಲ, ಒಂದರ ಇಡೀ ಅಧಿಕಾರ ಇನ್ನೊಂದರ ಇಡೀ ಅಧಿಕಾರವುಳ್ಳವರ ಕೈಗೇ ಹೋಗಬಾರದು ಎಂದಷ್ಟೇ ಹೇಳಿದ್ದು ಎಂಬುದು ಅವರ ವಿವರಣೆ. ವಿಟೊ ಮತ್ತು ಸೆನೆಟ್ಟಿನ ಒಪ್ಪಿಗೆ ಇದಕ್ಕಾಗಿಯೇ ಇರುವಂಥವು. ತನ್ನನ್ನು ಕಾಪಾಡಿಕೊಳ್ಳುವ ಸಾಧನವೇ ಇಲ್ಲದ ಅಂಗ ಕಾಗದದ ಮೇಲೆ ಮಾತ್ರ ಪ್ರತ್ಯೇಕವಾಗಿರುತ್ತದೆ.

ತತ್ತ್ವ ಸಾಕು, ಒಂದು ಸಣ್ಣ ಪ್ರಕರಣ ಹೇಳುತ್ತೇನೆ. ಇಂಗ್ಲಿಷ್ ಕಾಲುವೆಯಲ್ಲಿ ಗರ್ನ್‌ಸೀ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ‘ಬೇಲಿಫ್’ ಎಂಬ ಅಧಿಕಾರಿಯೇ ಶಾಸನಸಭೆಯ ಅಧ್ಯಕ್ಷತೆಯನ್ನೂ ವಹಿಸುತ್ತಿದ್ದರು, ಮುಖ್ಯ ನ್ಯಾಯಾಧೀಶರಾಗಿಯೂ ಕೂರುತ್ತಿದ್ದರು. 1990ರಲ್ಲಿ ಆ ಸಭೆ ಭೂಬಳಕೆಯ ಒಂದು ಯೋಜನೆಯನ್ನು ಅಂಗೀಕರಿಸಿತು. ಅಂದು ಸಭಾಧ್ಯಕ್ಷರ ಪೀಠದಲ್ಲಿದ್ದವರು ಉಪ ಬೇಲಿಫ್. ದ್ವೀಪದ ನಿವಾಸಿಯೊಬ್ಬರು ತಮ್ಮ ಕೃಷಿ ಜಮೀನಿನ ಪ್ಯಾಕಿಂಗ್ ಶೆಡ್ಡನ್ನೇ ಮನೆ ಮಾಡಿಕೊಂಡಿದ್ದರು. ಯೋಜನೆಯ ಪ್ರಕಾರ ಅಲ್ಲಿ ವಾಸಕ್ಕೆ ಅವಕಾಶವಿಲ್ಲವೆಂದು ಅನುಮತಿ ಸಿಗಲಿಲ್ಲ. ಅವರು ಮೇಲ್ಮನವಿ ಸಲ್ಲಿಸಿದರು. 1995ರಲ್ಲಿ ಅದನ್ನು ಕೇಳಲು ನ್ಯಾಯಪೀಠದಲ್ಲಿ ಕುಳಿತಿದ್ದವರು ಅದೇ ವ್ಯಕ್ತಿ, ಆ ಹೊತ್ತಿಗೆ ಅವರು ಬೇಲಿಫ್ ಆಗಿದ್ದರು. ಮೇಲ್ಮನವಿ ವಜಾ ಆಯಿತು. ಪ್ರಕರಣ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. 2000ದ ಫೆಬ್ರವರಿಯಲ್ಲಿ ಆ ನ್ಯಾಯಾಲಯ, ಆ ಶೆಡ್ಡಿನ ಮಾಲೀಕರಿಗೆ ಸ್ವತಂತ್ರ ಹಾಗೂ ನಿಷ್ಪಕ್ಷಪಾತ ನ್ಯಾಯಪೀಠದ ಮುಂದೆ ವಿಚಾರಣೆ ಸಿಕ್ಕಿಲ್ಲ ಎಂದು ಒಮ್ಮತದಿಂದ ತೀರ್ಪಿತ್ತಿತು.

ಆ ನ್ಯಾಯಾಧೀಶರು ದ್ವೇಷದಿಂದ ತೀರ್ಪು ಕೊಟ್ಟರೆಂದು ಯಾರೂ ಹೇಳಲಿಲ್ಲ. ಯೋಜನೆ ಅಂಗೀಕಾರವಾಗುವಾಗ ಪೀಠದಲ್ಲಿದ್ದವರು ಆಮೇಲೆ ಅದನ್ನೇ ಆಧರಿಸಿದ ವ್ಯಾಜ್ಯವನ್ನು ತೀರ್ಮಾನಿಸಿದರೆ ಅವರ ನಿಷ್ಪಕ್ಷಪಾತದ ಬಗ್ಗೆ ಸಂಶಯಕ್ಕೆ ಎಡೆಯಿದೆ ಎಂಬುದಷ್ಟೇ ಅಲ್ಲಿ ನಿರ್ಣಾಯಕವಾಯಿತು. ಯಾವುದೋ ಸೈದ್ಧಾಂತಿಕ ಕಲ್ಪನೆಯನ್ನು ದೇಶಗಳ ಮೇಲೆ ಹೇರುವುದು ತನ್ನ ಕೆಲಸವಲ್ಲ ಎಂದೂ ನ್ಯಾಯಾಲಯ ಸ್ಪಷ್ಟಪಡಿಸಿತು. ನನ್ನ ದೃಷ್ಟಿಯಲ್ಲಿ ಪ್ರತ್ಯೇಕತೆಯ ಅರ್ಥ ಆ ಶೆಡ್ಡಿನ ಬಾಗಿಲಲ್ಲಿ ನಿಂತರೆ ಸಿಗುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ: ಒಬ್ಬ ಮನುಷ್ಯನ ಬದುಕಿಗೆ ತಟ್ಟುವ ನಿರ್ಧಾರವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಕೈ ಪೂರೈಸಬಾರದು.

ಶಾಸಕಾಂಗವೂ ಈ ತಪ್ಪು ಮಾಡಬಲ್ಲದು ಎಂಬುದನ್ನು ನಾವು ಮರೆಯುತ್ತೇವೆ. 1641ರಲ್ಲಿ ಇಂಗ್ಲೆಂಡಿನ ಸಂಸತ್ತು ದೊರೆಯ ಆಪ್ತ ಸಚಿವ ಸ್ಟ್ರಾಫರ್ಡನ ಮೇಲೆ ರಾಜದ್ರೋಹದ ವಿಚಾರಣೆ ನಡೆಸಿತು. ಆರೋಪ ನಿಲ್ಲುವ ಲಕ್ಷಣ ಕಾಣದಿದ್ದಾಗ ವಿಚಾರಣೆಯನ್ನು ಬದಿಗಿಟ್ಟು, ಆತನೇ ಅಪರಾಧಿಯೆಂದು ಸಾರುವ ಒಂದು ಕಾಯ್ದೆಯನ್ನೇ ಮಾಡಿ ಶಿರಚ್ಛೇದ ಮಾಡಿಸಿತು. ಹೆಸರು ಹಿಡಿದು ಒಬ್ಬನನ್ನು ಶಿಕ್ಷಿಸುವ ಇಂತಹ ಕಾಯ್ದೆಗಳನ್ನು ಅಮೆರಿಕದ ಸಂವಿಧಾನ ಮೊದಲ ಅನುಚ್ಛೇದದಲ್ಲೇ ನಿಷೇಧಿಸಿದೆ.

ಪ್ರಶ್ನೆ: ಸಂಸದೀಯ ಪದ್ಧತಿಯಲ್ಲಿ ಮಂತ್ರಿಗಳು ಶಾಸಕರೇ ಆಗಿರುತ್ತಾರೆ, ಬಹುಮತದ ಪಕ್ಷವೇ ಸರ್ಕಾರ. ಅಲ್ಲಿ ಈ ಮಾತಿಗೆ ಅರ್ಥವಿದೆಯೇ?

ಉತ್ತರ: ಇದೆ, ಆದರೆ ಗೆರೆ ಬೇರೆ ಜಾಗದಲ್ಲಿದೆ. ಬ್ರಿಟನ್ನಿನ ವಾಲ್ಟರ್ ಬ್ಯಾಜಟ್ 1867ರಲ್ಲೇ, ತಮ್ಮ ದೇಶದ ಆಡಳಿತದ ಗುಟ್ಟು ಕಾರ್ಯಾಂಗ ಮತ್ತು ಶಾಸಕಾಂಗಗಳು ಹೆಚ್ಚುಕಡಿಮೆ ಬೆಸೆದುಕೊಂಡಿರುವುದರಲ್ಲಿದೆ ಎಂದು ಬರೆದರು. ಈ ಬೆಸುಗೆ ಎಲ್ಲ ಕಡೆ ಒಂದೇ ಬಗೆಯದಲ್ಲ. ಆಸ್ಟ್ರೇಲಿಯಾದಲ್ಲಿ ಮಂತ್ರಿಯಾದವರು ಮೂರು ತಿಂಗಳೊಳಗೆ ಸಂಸತ್ತಿನ ಸದಸ್ಯರಾಗಲೇಬೇಕು, ಭಾರತದಲ್ಲಿ ಆರು ತಿಂಗಳೊಳಗೆ. ಫ್ರಾನ್ಸಿನ 1958ರ ಸಂವಿಧಾನದಲ್ಲಾದರೆ ಮಂತ್ರಿಯಾದವರು ಸಂಸತ್ ಸದಸ್ಯತ್ವವನ್ನು ಬಿಡಬೇಕು, ನೆದರ್ಲೆಂಡ್ಸ್‌ನಲ್ಲೂ ಹಾಗೆಯೇ.

ಬೆಸುಗೆಯಿದ್ದರೂ ಮೂರು ಸಂಗತಿಗಳು ಉಳಿಯುತ್ತವೆ. ಸದನದ ಒಪ್ಪಿಗೆಯಿಲ್ಲದೆ ಸರ್ಕಾರ ತೆರಿಗೆ ಹಾಕುವಂತಿಲ್ಲ, ಹಣ ಖರ್ಚು ಮಾಡುವಂತಿಲ್ಲ. ಪ್ರಶ್ನೆ ಕೇಳಿದಾಗ ಎದ್ದು ನಿಂತು ಉತ್ತರಿಸಬೇಕು. ವಿಶ್ವಾಸ ಕಳೆದುಕೊಂಡ ದಿನ ಹೊರಡಬೇಕು. ಪಕ್ಷದ ಶಿಸ್ತು ಬಿಗಿಯಾದಷ್ಟೂ ಈ ಮೂರೂ ಸಡಿಲಾಗುತ್ತವೆ ಎಂಬ ಅನುಮಾನ ನಿಮಗಿದ್ದರೆ ಅದು ಸರಿಯಾದದ್ದೇ. ಹಾಗಾಗಿ ಸಂಸದೀಯ ಪದ್ಧತಿಯಲ್ಲಿ ವಿರೋಧ ಪಕ್ಷಕ್ಕೆ ಮತ್ತು ಸದನ ಸಮಿತಿಗಳಿಗೆ ಸಿಗುವ ಸಮಯವನ್ನು ಸೌಜನ್ಯವೆಂದು ಎಣಿಸಬಾರದು. ಶಾಸಕಾಂಗವು ಕಾರ್ಯಾಂಗದಿಂದ ಬೇರೆಯಾಗಿ ಕಾಣುವುದು ಬಹುಮಟ್ಟಿಗೆ ಅಲ್ಲಿ ಮಾತ್ರ.

ನ್ಯಾಯಾಂಗದ ವಿಷಯದಲ್ಲಿ ಬೆಸುಗೆಗೆ ರಿಯಾಯಿತಿಯಿಲ್ಲ. ಬ್ರಿಟನ್ನಿನ ಲಾರ್ಡ್ ಚಾನ್ಸಲರ್ ಶತಮಾನಗಳ ಕಾಲ ಸಚಿವ ಸಂಪುಟದಲ್ಲೂ ಇದ್ದರು, ಮೇಲ್ಮನೆಯ ಅಧ್ಯಕ್ಷತೆಯನ್ನೂ ವಹಿಸಿದ್ದರು, ನ್ಯಾಯಾಂಗದ ಮುಖ್ಯಸ್ಥರೂ ಆಗಿದ್ದರು. ಸಂಪ್ರದಾಯವನ್ನು ಅಷ್ಟು ಪ್ರೀತಿಸುವ ದೇಶವೂ 2005ರ ಕಾಯ್ದೆಯಿಂದ ಈ ಮೂರು ಪಾತ್ರಗಳನ್ನು ಬಿಡಿಸಿತು. 2009ರ ಅಕ್ಟೋಬರ್‌ನಲ್ಲಿ ಮೇಲ್ಮನೆಯಿಂದ ಹೊರಬಂದು ಸರ್ವೋಚ್ಚ ನ್ಯಾಯಾಲಯ ಬೇರೆ ಕಟ್ಟಡದಲ್ಲಿ ಕೆಲಸ ಆರಂಭಿಸಿತು.

ಪ್ರಶ್ನೆ: ಕಾನೂನು ಮಾಡುವುದು ಶಾಸಕಾಂಗದ ಕೆಲಸವಾದರೆ ನಿಯಮ, ಅಧಿಸೂಚನೆ, ಸುಗ್ರೀವಾಜ್ಞೆಗಳನ್ನು ಸರ್ಕಾರವೇ ಹೊರಡಿಸುವುದು ತಪ್ಪಲ್ಲವೇ?

ಉತ್ತರ: ಬಂದ ಪ್ರಶ್ನೆಗಳಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಇದು. ಒಂದು ಔಷಧದಲ್ಲಿ ಯಾವ ರಾಸಾಯನಿಕ ಎಷ್ಟು ಪ್ರಮಾಣದಲ್ಲಿರಬಹುದು ಎಂಬುದನ್ನು ಸದನದಲ್ಲಿ ಚರ್ಚಿಸಿ ತೀರ್ಮಾನಿಸಲು ಆಗದು. ಕಾಯ್ದೆ ಚೌಕಟ್ಟು ಹಾಕುತ್ತದೆ, ಇಲಾಖೆ ವಿವರ ತುಂಬುತ್ತದೆ. ಇಷ್ಟರಮಟ್ಟಿಗೆ ತಪ್ಪಿಲ್ಲ. ಚೌಕಟ್ಟನ್ನೂ ಇಲಾಖೆಯೇ ಹಾಕತೊಡಗಿದಾಗ ತಪ್ಪು ಶುರುವಾಗುತ್ತದೆ.

ಕಾರ್ಯಾಂಗ ಅಧಿಕಾರವನ್ನು ಕಸಿದುಕೊಳ್ಳುತ್ತದೆ ಎಂದು ನಾವು ಸಾಮಾನ್ಯವಾಗಿ ದೂರುತ್ತೇವೆ. ಆದರೆ ಚರಿತ್ರೆಯ ಅತ್ಯಂತ ದಾರುಣ ಉದಾಹರಣೆಯಲ್ಲಿ ಶಾಸಕಾಂಗವೇ ಮತ ಹಾಕಿ ತನ್ನ ಅಧಿಕಾರವನ್ನು ಬಿಟ್ಟುಕೊಟ್ಟಿತು. 1933ರ ಮಾರ್ಚ್ 23ರಂದು ಜರ್ಮನಿಯ ಸಂಸತ್ತು, ಹಿಟ್ಲರನ ಸಚಿವ ಸಂಪುಟ ತಾನೇ ಕಾನೂನು ಮಾಡಬಹುದು, ಅವು ಸಂವಿಧಾನಕ್ಕೆ ಹೊರತಾಗಿದ್ದರೂ ನಡೆಯುತ್ತದೆ ಎನ್ನುವ ಮಸೂದೆಯನ್ನು 444 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದವು 94, ಎಲ್ಲವೂ ಸೋಷಿಯಲ್ ಡೆಮಾಕ್ರಟ್ ಸದಸ್ಯರವು. ಕಮ್ಯುನಿಸ್ಟ್ ಸದಸ್ಯರಿಗೆ ಸದನಕ್ಕೆ ಬರಲು ಬಿಟ್ಟಿರಲಿಲ್ಲ, ಸಭಾಂಗಣದಲ್ಲಿ ಸಮವಸ್ತ್ರದ ನಾಜಿ ದಳದವರು ನಿಂತಿದ್ದರು. ನಾಲ್ಕು ವರ್ಷದ ಅವಧಿಗೆಂದು ಮಾಡಿದ ಆ ಕಾಯ್ದೆಯನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಇದರ ನೆನಪು ಹಸಿಯಾಗಿದ್ದಾಗಲೇ ರಚಿತವಾದ 1949ರ ಜರ್ಮನ್ ಸಂವಿಧಾನ, 80ನೇ ವಿಧಿಯಲ್ಲಿ ಒಂದು ಷರತ್ತು ಹಾಕಿದೆ: ನಿಯಮ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಕಾಯ್ದೆಯು ಆ ಅಧಿಕಾರದ ವಿಷಯವೇನು, ಉದ್ದೇಶವೇನು, ವ್ಯಾಪ್ತಿ ಎಷ್ಟು ಎಂಬುದನ್ನು ತಾನೇ ಹೇಳಬೇಕು. ಈ ಮೂರನ್ನೂ ಹೇಳದೆ ‘ಸರ್ಕಾರವು ಸೂಕ್ತ ನಿಯಮಗಳನ್ನು ರಚಿಸಬಹುದು’ ಎಂದು ಮುಗಿಸುವ ಕಾಯ್ದೆಯನ್ನು ನೀವು ಎಲ್ಲೇ ಕಂಡರೂ ಎರಡನೇ ಸಲ ಓದಿ.

ಸುಗ್ರೀವಾಜ್ಞೆಯ ಮಾತಿಗೆ ಬಂದರೆ, ಸದನ ಸೇರದಿರುವಾಗ ತುರ್ತು ಅಗತ್ಯ ಬಿದ್ದರೆ ಬಳಸಲೆಂದು ಇರುವ ಅಧಿಕಾರವದು. ಭಾರತದ ಸಂವಿಧಾನದ ಪ್ರಕಾರ ಸದನ ಮತ್ತೆ ಸೇರಿದ ಆರು ವಾರಗಳಲ್ಲಿ ಸುಗ್ರೀವಾಜ್ಞೆ ತಾನಾಗಿಯೇ ಬಿದ್ದುಹೋಗುತ್ತದೆ. ಬಿಹಾರದಲ್ಲಿ 1967ರಿಂದ 1981ರ ನಡುವೆ 256 ಸುಗ್ರೀವಾಜ್ಞೆಗಳನ್ನು ಹೊರಡಿಸಿ, ಅಧಿವೇಶನ ಮುಗಿದ ಕೂಡಲೇ ಅವನ್ನೇ ಮತ್ತೆ ಹೊರಡಿಸುತ್ತ, ಒಂದರಿಂದ ಹದಿನಾಲ್ಕು ವರ್ಷದವರೆಗೆ ಜೀವಂತ ಇರಿಸಲಾಗಿತ್ತು. ಅರ್ಥಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಇದನ್ನು ಪತ್ತೆಮಾಡಿ ಸುಪ್ರೀಂ ಕೋರ್ಟಿಗೆ ಹೋದರು. ಇದು ಸಂವಿಧಾನಕ್ಕೆ ಬಗೆಯುವ ವಂಚನೆ ಎಂದು ನ್ಯಾಯಾಲಯ ಹೇಳಿದ್ದು ಅವರ ಅರ್ಜಿಯ ಮೇಲೆಯೇ. ಆ ತೀರ್ಪು 1986ರ ಡಿಸೆಂಬರ್‌ನದು. 2017ರಲ್ಲಿ ಏಳು ನ್ಯಾಯಾಧೀಶರ ಪೀಠ ಅದನ್ನೇ ಇನ್ನಷ್ಟು ಗಟ್ಟಿಗೊಳಿಸಿತು. ಸದನ ಆ ಹದಿನಾಲ್ಕು ವರ್ಷ ಸೇರುತ್ತಲೇ ಇತ್ತು, ಕೇಳಬೇಕಾದವರು ಕೇಳಲಿಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಪ್ರಶ್ನೆ: ಜನ ಆರಿಸಿ ಕಳಿಸಿದವರು ಮಾಡಿದ ಕಾನೂನನ್ನು ಯಾರೂ ಆರಿಸದ ನ್ಯಾಯಾಧೀಶರು ರದ್ದು ಮಾಡಿದರೆ, ನ್ಯಾಯಾಂಗವೇ ಗೆರೆ ದಾಟಿದಂತಲ್ಲವೇ?

ಉತ್ತರ: ಗೆರೆ ಎಲ್ಲಿದೆ ಎಂಬುದರ ಬಗ್ಗೆ ಪ್ರಾಮಾಣಿಕ ದೇಶಗಳೇ ಭಿನ್ನ ತೀರ್ಮಾನಕ್ಕೆ ಬಂದಿವೆ, ಆದ್ದರಿಂದ ಒಂದೇ ಮಾತಿನ ಉತ್ತರ ಕೊಡಲಾರೆ. ಅಮೆರಿಕದಲ್ಲಿ ಈ ಅಧಿಕಾರವನ್ನು 1803ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ‘ಮಾರ್ಬರಿ ವಿರುದ್ಧ ಮ್ಯಾಡಿಸನ್’ ಪ್ರಕರಣದಲ್ಲಿ ಸ್ಥಾಪಿಸಿದರು. ಒಬ್ಬರಿಗೆ ತಲುಪಬೇಕಾಗಿದ್ದ ನೇಮಕಪತ್ರ ತಲುಪದೇ ಉಳಿದದ್ದು ಆ ವ್ಯಾಜ್ಯದ ಮೂಲ, ಅದನ್ನು ತಲುಪಿಸದೆ ಬಿಟ್ಟಿದ್ದವರು ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಇದೇ ಮಾರ್ಷಲ್. ಗರ್ನ್‌ಸೀ ಪ್ರಕರಣದ ಅಳತೆಗೋಲು ಹಿಡಿದರೆ ಅವರು ಆ ಪೀಠದಲ್ಲಿ ಕೂರಲೇಬಾರದಿತ್ತು.

ಫ್ರಾನ್ಸ್ ಇದೇ ತತ್ತ್ವದ ಹೆಸರಿನಲ್ಲಿ ತದ್ವಿರುದ್ಧ ದಾರಿ ಹಿಡಿಯಿತು. ಹಳೆಯ ರಾಜಪ್ರಭುತ್ವದ ನ್ಯಾಯಾಲಯಗಳು ಸುಧಾರಣೆಗಳಿಗೆ ಅಡ್ಡಗಾಲು ಹಾಕಿದ್ದ ಕಹಿಯಿಂದ, ಕ್ರಾಂತಿಕಾರಿಗಳು 1790ರಲ್ಲಿ ನ್ಯಾಯಾಧೀಶರು ಆಡಳಿತದಲ್ಲಿ ಕೈಹಾಕುವುದನ್ನೇ ನಿಷೇಧಿಸಿದರು. ಜಾರಿಯಲ್ಲಿರುವ ಕಾನೂನೊಂದು ಸಂವಿಧಾನಕ್ಕೆ ವಿರುದ್ಧವೆಂದು ಸಾಮಾನ್ಯ ಕಕ್ಷಿದಾರರು ಪ್ರಶ್ನಿಸುವ ಅವಕಾಶ ಅಲ್ಲಿ ಬಂದದ್ದು 2010ರ ಮಾರ್ಚ್‌ನಲ್ಲಿ. ನೆದರ್ಲೆಂಡ್ಸ್ ಸಂವಿಧಾನದ 120ನೇ ವಿಧಿ, ಸಂಸತ್ತಿನ ಕಾಯ್ದೆಯ ಸಂವಿಧಾನಬದ್ಧತೆಯನ್ನು ನ್ಯಾಯಾಲಯ ಪರಿಶೀಲಿಸಕೂಡದು ಎನ್ನುತ್ತದೆ. ಕೆನಡಾದಲ್ಲಿ 1982ರಿಂದ ಶಾಸನಸಭೆಯು ಕೆಲವು ಹಕ್ಕುಗಳ ಹೊರತಾಗಿಯೂ ತನ್ನ ಕಾಯ್ದೆ ಜಾರಿಯಲ್ಲಿರುತ್ತದೆ ಎಂದು ಐದು ವರ್ಷದ ಮಿತಿಗೆ ಘೋಷಿಸಬಹುದು, ಅವಧಿ ಮುಗಿದ ಮೇಲೆ ಮತ್ತೆ ಘೋಷಿಸಲೂಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಸಂವಿಧಾನ ಲಿಖಿತವಾಗಿದ್ದು ಅದು ಶಾಸಕಾಂಗಕ್ಕೂ ಮಿತಿ ಹಾಕಿದ್ದರೆ, ಆ ಮಿತಿ ಮೀರಿದೆಯೇ ಎಂಬುದನ್ನು ಶಾಸಕಾಂಗವೇ ನಿರ್ಧರಿಸುವುದು ತನ್ನ ವ್ಯಾಜ್ಯಕ್ಕೆ ತಾನೇ ತೀರ್ಪು ಕೊಟ್ಟಂತೆ. ನ್ಯಾಯಾಲಯದ ಕೈಯಲ್ಲಿ ಖಜಾನೆಯೂ ಇಲ್ಲ, ಪೊಲೀಸರೂ ಇಲ್ಲ. ಸಾಮಾನ್ಯವಾಗಿ ಯಾರಾದರೂ ವ್ಯಾಜ್ಯ ತಂದಾಗಲೇ ಅದು ಮಾತನಾಡಬೇಕು, ಕಾರಣ ಬರೆದು ಸಹಿ ಹಾಕಬೇಕು. ‘ಇದನ್ನು ಮಾಡಕೂಡದು’ ಎಂದು ಹೇಳುವಾಗ ನ್ಯಾಯಾಲಯ ತನ್ನ ನೆಲದ ಮೇಲಿರುತ್ತದೆ, ‘ಇದನ್ನು ಹೀಗೆಯೇ, ಇಷ್ಟೇ ಹಣದಲ್ಲಿ ಮಾಡಿ’ ಎನ್ನತೊಡಗಿದಾಗ ಇನ್ನೊಬ್ಬರ ನೆಲಕ್ಕೆ ಕಾಲಿಡುತ್ತದೆ. ಅದರ ಮಾತು ಯಾವಾಗಲೂ ಕೊನೆಯ ಮಾತಾಗಬೇಕೆಂದೂ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1895ರಲ್ಲಿ ಆದಾಯ ತೆರಿಗೆಯ ಕಾಯ್ದೆಯನ್ನು ರದ್ದು ಮಾಡಿತು, 1913ರಲ್ಲಿ ಸಂವಿಧಾನದ ಹದಿನಾರನೇ ತಿದ್ದುಪಡಿ ಆ ತೆರಿಗೆಗೆ ದಾರಿ ಮಾಡಿಕೊಟ್ಟಿತು. ಹದಿನೆಂಟು ವರ್ಷ ಹಿಡಿಯಿತು ನಿಜ, ಆದರೆ ಅಷ್ಟು ದೊಡ್ಡ ಬದಲಾವಣೆ ಬೇಕೇಬೇಕೆಂದು ದೇಶ ದೃಢಪಡಿಸಿಕೊಳ್ಳಲು ಸಿಕ್ಕ ಕಾಲವೂ ಅದೇ.

ಪ್ರಶ್ನೆ: ಪತ್ರಿಕೆಗಳನ್ನು ನಾಲ್ಕನೇ ಅಂಗವೆನ್ನುತ್ತಾರೆ. ಚುನಾವಣಾ ಆಯೋಗ, ಲೆಕ್ಕಪರಿಶೋಧಕರು ಯಾವ ಅಂಗಕ್ಕೆ ಸೇರುತ್ತಾರೆ?

ಉತ್ತರ: ಪತ್ರಿಕೆಗಳಿಗೆ ಆದೇಶ ಕೊಡುವ ಅಧಿಕಾರವಿಲ್ಲ, ಇರಲೂಬಾರದು. ಹಾಗಾಗಿ ಅದು ಗೌರವದ ಮಾತು ಮಾತ್ರ. ಚುನಾವಣಾ ಆಯೋಗ, ಲೆಕ್ಕಪರಿಶೋಧಕರಂಥ ಸಂಸ್ಥೆಗಳು ಮೂರರಲ್ಲಿ ಯಾವುದಕ್ಕೂ ಸಲೀಸಾಗಿ ಸೇರುವುದಿಲ್ಲ. ಅಧಿಕಾರದಲ್ಲಿರುವವರ ಚುನಾವಣೆಯನ್ನು ಅವರೇ ನಡೆಸಬಾರದು, ಅವರ ಲೆಕ್ಕವನ್ನು ಅವರೇ ನೋಡಿಕೊಳ್ಳಬಾರದು ಎಂಬುದೇ ಅವು ಹುಟ್ಟಿದ ಕಾರಣ. ಸ್ವೀಡನ್ 1809ರಲ್ಲೇ ಅಧಿಕಾರಿಗಳ ಮೇಲಿನ ದೂರು ವಿಚಾರಿಸಲು ಸಂಸತ್ತಿನ ಓಂಬುಡ್ಸ್‌ಮನ್ ಹುದ್ದೆಯನ್ನು ಸೃಷ್ಟಿಸಿತು. ದಕ್ಷಿಣ ಆಫ್ರಿಕಾದ 1996ರ ಸಂವಿಧಾನ ಇಂತಹ ಸಂಸ್ಥೆಗಳಿಗೆ ಒಂದು ಇಡೀ ಅಧ್ಯಾಯವನ್ನೇ ಮೀಸಲಿಟ್ಟಿದೆ. ಅಧ್ಯಕ್ಷರ ಖಾಸಗಿ ಮನೆಗೆ ಸರ್ಕಾರಿ ಹಣ ಬಳಕೆಯಾದ ಬಗ್ಗೆ ಅಲ್ಲಿ ಆಡಳಿತದ ಮೇಲಿನ ದೂರು ವಿಚಾರಿಸುವ ‘ಸಾರ್ವಜನಿಕ ರಕ್ಷಕ’ ಎಂಬ ಅಧಿಕಾರಿ ಸೂಚಿಸಿದ ಪರಿಹಾರ ಕ್ರಮ ಬರೀ ಸಲಹೆಯಲ್ಲ, ಅದಕ್ಕೆ ಬದ್ಧರಾಗಬೇಕು ಎಂದು 2016ರಲ್ಲಿ ಸಂವಿಧಾನ ನ್ಯಾಯಾಲಯ ತೀರ್ಪಿತ್ತಿತು.

ಪ್ರಶ್ನೆ: ಯುದ್ಧದಂತಹ ಸಂಕಟದಲ್ಲಿ ಈ ಎಲ್ಲ ತಡೆಗಳು ದೇಶಕ್ಕೆ ಅಪಾಯವಲ್ಲವೇ? ನಿರ್ಧಾರ ಬೇಗ ಆಗಬೇಡವೇ?

ಉತ್ತರ: ಬೇಗ ಆಗಬೇಕು, ಆದರೆ ‘ಸಂಕಟ’ ಎಂದು ಯಾರು ಹೇಳುತ್ತಾರೋ ಅವರಿಗೇ ಎಲ್ಲ ಅಧಿಕಾರ ಸಿಗುವಂತಾದರೆ ಸಂಕಟಗಳು ಮುಗಿಯುವುದೇ ಇಲ್ಲ.

1952ರ ಏಪ್ರಿಲ್‌ನಲ್ಲಿ ಅಮೆರಿಕ ಕೊರಿಯಾದಲ್ಲಿ ಯುದ್ಧ ಮಾಡುತ್ತಿತ್ತು. ಉಕ್ಕಿನ ಕಾರ್ಖಾನೆಗಳಲ್ಲಿ ಕಾರ್ಮಿಕರ ಮುಷ್ಕರ ಇನ್ನೇನು ಆರಂಭವಾಗಬೇಕು. ಉಕ್ಕಿಲ್ಲದಿದ್ದರೆ ಶಸ್ತ್ರಾಸ್ತ್ರವಿಲ್ಲ ಎಂದು ಅಧ್ಯಕ್ಷ ಟ್ರೂಮನ್ ಏಪ್ರಿಲ್ 8ರ ರಾತ್ರಿ ದೇಶದ ಬಹುತೇಕ ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಳ್ಳಲು ವಾಣಿಜ್ಯ ಕಾರ್ಯದರ್ಶಿಗೆ ಆದೇಶಿಸಿದರು. ಅದಕ್ಕೆ ಅಧಿಕಾರ ಕೊಡುವ ಕಾಯ್ದೆ ಇರಲಿಲ್ಲ. 1947ರಲ್ಲಿ ಕಾರ್ಮಿಕ ಕಾಯ್ದೆ ರೂಪಿಸುವಾಗ ಅಂತಹ ಅಧಿಕಾರ ಕೊಡುವ ಸಲಹೆಯನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ತಳ್ಳಿಹಾಕಿತ್ತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ವಿಚಾರಣಾ ನ್ಯಾಯಾಲಯದಲ್ಲಿ ಸರ್ಕಾರದ ವಕೀಲರು, ಅಧ್ಯಕ್ಷರ ಈ ಅಧಿಕಾರಕ್ಕೆ ಚುನಾವಣೆ ಮತ್ತು ಮಹಾಭಿಯೋಗ ಬಿಟ್ಟರೆ ಬೇರೆ ಮಿತಿಯಿಲ್ಲ ಎನ್ನುವಷ್ಟರಮಟ್ಟಿಗೆ ವಾದಿಸಿದರು. ಆನೆ ನಡೆದದ್ದೇ ದಾರಿ ಎಂಬ ಮಾತನ್ನು ನ್ಯಾಯಾಲಯದಲ್ಲಿ ನಿಂತು ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ.

ಜೂನ್ 2ರಂದು ಸುಪ್ರೀಂ ಕೋರ್ಟ್ ಆರು–ಮೂರರ ಬಹುಮತದಿಂದ ಅಧ್ಯಕ್ಷರ ವಿರುದ್ಧ ತೀರ್ಪು ಕೊಟ್ಟಿತು. ಆ ಒಂಬತ್ತೂ ನ್ಯಾಯಮೂರ್ತಿಗಳನ್ನು ನೇಮಿಸಿದವರು ಟ್ರೂಮನ್ ಇಲ್ಲವೇ ಅವರದೇ ಪಕ್ಷದ ರೂಸ್‌ವೆಲ್ಟ್. ಬಹುಮತದಲ್ಲಿದ್ದ ಟಾಮ್ ಕ್ಲಾರ್ಕ್ ಕೆಲವೇ ವರ್ಷಗಳ ಹಿಂದೆ ಟ್ರೂಮನ್ ಸರ್ಕಾರದ ಅಟಾರ್ನಿ ಜನರಲ್ ಆಗಿದ್ದವರು. ರಾಬರ್ಟ್ ಜಾಕ್ಸನ್ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಹಾಕಿಕೊಟ್ಟ ಅಳತೆ ಇಂದಿಗೂ ಬಳಕೆಯಲ್ಲಿದೆ: ಶಾಸಕಾಂಗದ ಒಪ್ಪಿಗೆಯೊಂದಿಗೆ ನಡೆವಾಗ ಅಧ್ಯಕ್ಷರ ಬಲ ಗರಿಷ್ಠ, ಶಾಸಕಾಂಗ ಮೌನವಾಗಿದ್ದಾಗ ಮಬ್ಬು ಬೆಳಕು, ಅದರ ಇಚ್ಛೆಗೆ ವಿರುದ್ಧವಾಗಿ ನಡೆವಾಗ ಬಲ ಕನಿಷ್ಠ. ಸಂಕಟದಲ್ಲಿ ವೇಗ ಬೇಕಾದರೆ ದಾರಿ ಇಲ್ಲೇ ಇದೆ. ಸದನಕ್ಕೆ ಹೋಗಿ ಅಧಿಕಾರ ಕೇಳಬೇಕು, ಕೇಳಿದಷ್ಟಕ್ಕೆ ಅವಧಿಯನ್ನೂ ಮಿತಿಯನ್ನೂ ಒಪ್ಪಿಕೊಳ್ಳಬೇಕು.

ಟ್ರೂಮನ್ ತೀರ್ಪನ್ನು ಒಪ್ಪಲಿಲ್ಲ, ಆದರೆ ಪಾಲಿಸಿದರು. ಕಾರ್ಖಾನೆಗಳನ್ನು ಮಾಲೀಕರಿಗೆ ಹಿಂದಿರುಗಿಸಲಾಯಿತು. ಮುಷ್ಕರ ಆರಂಭವಾಗಿ ಏಳು ವಾರಕ್ಕೂ ಹೆಚ್ಚು ಕಾಲ ನಡೆಯಿತು. ಜುಲೈ ಕೊನೆಯ ಹೊತ್ತಿಗೆ ಕಂಪನಿಗಳೂ ಕಾರ್ಮಿಕ ಸಂಘವೂ ಮಾತುಕತೆಯಿಂದ ಒಪ್ಪಂದಕ್ಕೆ ಬಂದವು, ಕುಲುಮೆಗಳು ಮತ್ತೆ ಹೊತ್ತಿಕೊಂಡವು.